ವಿದ್ಯಾರ್ಥಿಯ ಊಟ: ಧಾರವಾಡವೂ ನಂದಿಯ ಸೀಮೆಯೂ

ದಾನವು ಚತುರ್ವಿಧವೆಂಬುದು ಶ್ರಾವಕರೆಲ್ಲರೂ ಬಲ್ಲ ವಿಷಯ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಪಟ್ಟಿಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಒಪ್ಪಿಸುತ್ತಾರೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ನಿರೂಪಿಸುವಾಗ ಕೊಡುವ ಪಟ್ಟಿ ಕೊಂಚ ಬೇರೆಯಾಗಿದೆ. ಅಲ್ಲಿ ಆಹಾರ ಮತ್ತು ಔಷಧಗಳ ಜೊತೆಗೆ ಬರುವುವು ಉಪಕರಣ ಮತ್ತು ಆವಾಸ. ಉಪಕರಣವೆಂದರೆ ಗ್ರಂಥವೇ ಮೊದಲಾದ ಸಾಧನಗಳು. ಆವಾಸವೆಂದರೆ ತಂಗಲು ಎಡೆ. ಆಚಾರ್ಯರು ಇದನ್ನು ಹೇಳಿದ್ದು ಸಂಯಮಿಗಳ ಸೇವೆಯ ಸಂದರ್ಭದಲ್ಲಿ. ಆದರೂ ಊರು ಬಿಟ್ಟು ಊರಿಗೆ ಓದಲು ಬಂದ ಹುಡುಗನೊಬ್ಬನಿಗೆ ಏನೇನು ಬೇಕೆಂದು ಯಾರಾದರೂ ಕೇಳಿದರೆ ಇದಕ್ಕಿಂತ ಪೂರ್ಣವಾದ ಉತ್ತರ ದೊರೆಯಲಾರದು. ಅನ್ನ, ಔಷಧ, ಪುಸ್ತಕ, ಸೂರು. ಪಾಠ ಹೇಳುವ ಗುರು ಇದ್ದೇ ಇರುತ್ತಾನೆಂದು ಇಟ್ಟುಕೊಂಡರೆ ಉಳಿದುದೆಲ್ಲವೂ ಈ ನಾಲ್ಕರಲ್ಲಿ ಅಡಗಿದೆ.

ವಿದ್ಯಾನಗರವೊಂದು ಹೇಗೆ ಹುಟ್ಟುತ್ತದೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ, ಕಾಲೇಜು ಕಟ್ಟಿದರೆ ಹುಟ್ಟುತ್ತದೆ ಎಂಬುದು. ಹಾಗಿದ್ದಲ್ಲಿ ಚಿಕ್ಕಬಳ್ಳಾಪುರ ಇಷ್ಟು ಹೊತ್ತಿಗೆ ದೊಡ್ಡ ವಿದ್ಯಾನಗರವೆನಿಸಬೇಕಾಗಿತ್ತು. ಶ್ರೀ ಆದಿಚುಂಚನಗಿರಿ ಸಂಸ್ಥಾನದ ಎಂಜಿನಿಯರಿಂಗ್ ಕಾಲೇಜು ಇಲ್ಲಿ ೧೯೮೬ರಲ್ಲಿಯೇ ಆರಂಭವಾಯಿತು. ೨೦೦೭ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ಬಳಿಕ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿತು. ಸಮೀಪದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಸತ್ಯಸಾಯಿ ಸಂಸ್ಥೆಗಳಿವೆ. ಸಾಮಗ್ರಿಗೆ ಕೊರತೆಯಿಲ್ಲ. ಆದರೆ ಧಾರವಾಡವನ್ನು ಕಂಡವರು ಇದನ್ನು ಧಾರವಾಡದಂಥ ಊರೆಂದು ಕರೆಯಲು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವೇನೆಂದು ವಿಚಾರಿಸುವುದು ಈ ಬರಹದ ಉದ್ದೇಶ. ಕಾರಣವು ಕಟ್ಟಡಗಳಲ್ಲಿಲ್ಲ, ಅಡುಗೆಮನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದು ಇಂದು ನಿನ್ನೆಯ ಮಾತಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅದರ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ಕ್ರಿ. ಶ. ೯೪೫ರ ಶಾಸನವು ಆ ಶಾಲೆಯ ಲೆಕ್ಕಾಚಾರವನ್ನು ಇಂದಿನ ಆಡಳಿತ ಮಂಡಳಿಗಳೂ ನಾಚುವಷ್ಟು ವಿವರವಾಗಿ ಕೊಡುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು. ಮುಖ್ಯ ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ. ದೀಪಕ್ಕೆ ೧೨ ನಿವರ್ತನ. ರಾತ್ರಿ ಓದುವವನಿಗೆ ಎಣ್ಣೆ ಬೇಕೆಂಬುದನ್ನು ಮರೆಯದ ದಾನ ಇದು. ಇದಕ್ಕಿಂತಲೂ ಮಹತ್ವದ್ದು ಊರವರ ಪಾಲು. ಊರಿನಲ್ಲಿ ಮದುವೆಯಾದರೆ ೫ ಪುಷ್ಪ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಪುಷ್ಪವನ್ನು ಶಾಲೆಗೆ ಕೊಡತಕ್ಕದ್ದೆಂದು ನಿಯಮವಾಯಿತು. ಪುಷ್ಪವೆಂಬುದು ಆ ಕಾಲದ ನಾಣ್ಯ. ಮಂತ್ರಿಯು ಶಾಲೆ ಕಟ್ಟಿಸಿದನು, ನಿಜ. ಆದರೆ ಅದನ್ನು ನಡೆಸುವ ಹೊಣೆಯಲ್ಲಿ ಊರಿನ ಪ್ರತಿಯೊಂದು ಮನೆಯನ್ನೂ ಸೇರಿಸಿಕೊಂಡನು. ಪಾವಿಟ್ಟಗೆಯೆಂಬ ಹೆಸರು ಅಳಿದು, ಶಾಲೆಯ ಹೆಸರೇ ಊರಿನ ಹೆಸರಿನೊಳಗೆ ಸೇರಿ ಉಳಿದುಬಂದಿರುವುದನ್ನು ಗಮನಿಸಬೇಕು. ಆ ಶಾಲೆಯು ಬ್ರಾಹ್ಮಣ ವಟುಗಳಿಗೆ ಮೀಸಲಾಗಿತ್ತೆಂಬುದನ್ನೂ ಮರೆಯಬಾರದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನು ನಂದಿಯ ಸೀಮೆ. ಗಂಗರಸರು ತಮ್ಮನ್ನು ಕುವಲಾಲಪುರವರಾಧೀಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ಕುವಲಾಲವು ಕೋಲಾರ, ನಂದಗಿರಿಯು ಈ ಬೆಟ್ಟ. ಬೆಟ್ಟದ ಮಗ್ಗುಲಲ್ಲಿರುವ ಗೋಪಿನಾಥ ಗುಡ್ಡದ ಮೇಲೆ ಸುಮಾರು ೮ನೆಯ ಶತಮಾನದ ಜೈನ ಶಾಸನವೊಂದಿದೆ. ದಾಶರಥಿ ರಾಮನು ಅಲ್ಲಿ ಅರ್ಹತ್ಪರಮೇಶ್ವರನ ಚೈತ್ಯಭವನವನ್ನು ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿಯು ಅದನ್ನು ಜೀರ್ಣೋದ್ಧಾರ ಮಾಡಿಸಿದಳೆಂದೂ ಅದು ಹೇಳುತ್ತದೆ. ಇತಿಹಾಸದ ದೃಷ್ಟಿಯಿಂದ ಇದು ಐತಿಹ್ಯವೇ ಸರಿ. ಆದರೆ ೮ನೆಯ ಶತಮಾನದ ಹೊತ್ತಿಗೇ ಈ ಗುಡ್ಡವನ್ನು ಬಹು ಪುರಾತನವಾದ ಜಿನಕ್ಷೇತ್ರವೆಂದು ಜನ ನಂಬಿದ್ದರೆಂಬುದಕ್ಕೆ ಸಾಕ್ಷಿ. ಗುಡಿಬಂಡೆಯ ಜಿನಾಲಯಗಳೂ ಇದೇ ಸೀಮೆಯವು. ತಪಸ್ವಿಗಳಿಗೆ ಆಹಾರ ಆವಾಸಗಳನ್ನು ಒದಗಿಸಿದ ನಾಡು ಇದು ಎಂದಾಯಿತು. ಆದರೆ ಆಧುನಿಕ ವಿದ್ಯೆ ಬಂದಾಗ ಈ ನಾಡಿನ ಮಕ್ಕಳು ಅನ್ನ ಆವಾಸಗಳನ್ನು ಅರಸಿಕೊಂಡು ಹೊರಗೆ ಹೋಗಬೇಕಾಯಿತು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಥೆ ಎಲ್ಲರಿಗೂ ಗೊತ್ತು. ಅದನ್ನು ಸಾಧನೆಯ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ಇಲ್ಲಿ ಅದನ್ನು ಊಟದ ಕಥೆಯಾಗಿ ನೋಡೋಣ. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳನ್ನು ಕಲಿತ ಹುಡುಗ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡನು. ಮುಂದಿನ ಓದಿಗೆ ಬೆಂಗಳೂರು ಅನಿವಾರ್ಯವಾಯಿತು. ಅಲ್ಲಿ ಸೋದರಮಾವನ ಆಸರೆ ಇತ್ತು. ಅದು ಸಾಲದೆ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡು ೧೮೮೧ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದನು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದನು. ಒಬ್ಬ ಸೋದರಮಾವ, ಒಂದು ಪರಕೀಯ ಕುಟುಂಬ, ಒಂದು ಸರ್ಕಾರ, ಈ ಮೂರರಲ್ಲಿ ಒಂದು ತಪ್ಪಿದ್ದರೂ ನಾವು ಈ ಹೆಸರನ್ನು ಕೇಳುತ್ತಿರಲಿಲ್ಲ. ಮುಂದೆ ದಿವಾನರಾಗಿ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ಥಾಪನೆಗೆ ಕಾರಣರಾದವರು ಇವರೇ. ಹಾಗೆ ಹೊರಟು ಯಾವ ಆಸರೆಯೂ ದೊರೆಯದೆ ಹಿಂದಿರುಗಿದ ಹುಡುಗರೆಷ್ಟೋ; ಅವರ ಜೀವನಚರಿತ್ರೆಗಳನ್ನು ಬರೆದವರಿಲ್ಲ.

೧೯೧೫ರಲ್ಲಿ ಬೆಂಗಳೂರಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ ಸಣ್ಣ ಗೇಜಿನ ರೈಲು ಓಡತೊಡಗಿತು. ನಂದಿಯ ಬುಡದಲ್ಲಿಯೂ ಅದಕ್ಕೆ ನಿಲ್ದಾಣವಿತ್ತು. ರೈಲು ಬಂದರೆ ವಿದ್ಯೆ ಬರುತ್ತದೆಂಬುದು ಆ ಕಾಲದ ನಂಬಿಕೆ. ವಾಸ್ತವದಲ್ಲಿ ಈ ರೈಲು ವಿದ್ಯೆಯನ್ನು ಇಲ್ಲಿಗೆ ತರುವುದಕ್ಕಿಂತ ವಿದ್ಯಾರ್ಥಿಯನ್ನು ಇಲ್ಲಿಂದ ಒಯ್ಯುವುದಕ್ಕೇ ಹೆಚ್ಚು ಅನುಕೂಲವಾಯಿತೆನ್ನಬೇಕು. ಟಿಕೀಟಿಗೆ ಹಣವಿಲ್ಲದವರಿಗೆ ಅದೂ ಇಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಸುಮಾರು ಎಂಬತ್ತು ಕಿಲೋಮೀಟರು ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದರು. ಬಸ್ಸಿನ ಹಣ ಇರಲಿಲ್ಲ. ಮರುವರ್ಷ ಆ ಶಾಲೆಗೆ ಬಂದ ಗಾಂಧೀಜಿಯವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನು, ಮನೆಯಲ್ಲಿ ತೆಲುಗು ಆಡುತ್ತಿದ್ದ ಈ ಹಳ್ಳಿಯ ಹುಡುಗನೇ.

ವಿಶ್ವೇಶ್ವರಯ್ಯನವರು ಪುಣೆಗೆ ಹೋದರೆಂದೆನಷ್ಟೆ. ಅದೇ ಪುಣೆಗೆ ಧಾರವಾಡದ ಹುಡುಗರೂ ಹೋಗುತ್ತಿದ್ದರು. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಉಚ್ಚಶಿಕ್ಷಣ ಬೇಕಾದವರಿಗೆ ಪುಣೆ, ಮುಂಬಯಿಗಳೇ ಗತಿ. ಬೇಂದ್ರೆಯವರೂ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಹೀಗೆ ಎರಡೂ ಸೀಮೆಗಳು ಒಂದೇ ಸ್ಥಿತಿಯಿಂದ ಹೊರಟವು. ಮುಂದೆ ದಾರಿಗಳು ಹೇಗೆ ಕವಲೊಡೆದುವೆಂಬುದೇ ಕುತೂಹಲದ ಸಂಗತಿ.

ಧಾರವಾಡದಲ್ಲಿ ಕಾಲೇಜಿಗಿಂತ ಮೊದಲು ಹುಟ್ಟಿದ್ದು ಕಾಲೇಜಿಗೆ ಹೋಗುವವನ ಚಿಂತೆ. ೧೮೮೩ರಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ ಬಡ ವಿದ್ಯಾರ್ಥಿಗಳಿಗೆ ಧನಸಹಾಯ ಮಾಡತೊಡಗಿದರು. ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕಗಳಿಲ್ಲವೆಂಬ ಕೊರಗು ಅದರ ಮೂಲ. ೧೮೯೬ರಲ್ಲಿ ವಾಗ್ಭೂಷಣ ಪತ್ರಿಕೆ ಹೊರಟಿತು. ಆಹಾರದಾನಕ್ಕೆ ಒಂದು ಸಂಸ್ಥೆ, ಉಪಕರಣದಾನಕ್ಕೆ ಇನ್ನೊಂದು ಎನ್ನೋಣ. ಇವೆರಡೂ ನಿಂತು ಎಷ್ಟೋ ವರ್ಷಗಳಾದ ಮೇಲೆ, ೧೯೧೭ರಲ್ಲಿ, ರೊದ್ದ ಶ್ರೀನಿವಾಸರಾಯರು, ರುದ್ರಗೌಡರು ಮುಂತಾದವರ ಪ್ರಯತ್ನದಿಂದ ಕರ್ನಾಟಕ ಕಾಲೇಜು ಆರಂಭವಾಯಿತು. ಕಾಲೇಜಿಗೆ ದೊರೆತ ಕಟ್ಟಡ ಹಿಂದೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ರೈಲ್ವೆಯ ಮುಖ್ಯ ಕಚೇರಿ ಮದರಾಸಿಗೆ ಹೋಯಿತು. ಧಾರವಾಡಕ್ಕೆ ಆದ ನಷ್ಟ ಸಣ್ಣದಲ್ಲ. ಕಚೇರಿಯೊಂದು ಹೋದ ಜಾಗದಲ್ಲಿ ಕಾಲೇಜು ಬಂದು ಕೂತಾಗ ಊರಿನ ಅರ್ಥವ್ಯವಸ್ಥೆಯೇ ಗುಮಾಸ್ತನಿಂದ ವಿದ್ಯಾರ್ಥಿಯ ಕಡೆಗೆ ತಿರುಗಿತು. ವ್ಯಾಪಾರವು ಹುಬ್ಬಳ್ಳಿಗೆ, ವಿದ್ಯೆಯು ಧಾರವಾಡಕ್ಕೆ ಎಂಬ ವಿಭಾಗ ಆಗಿನಿಂದ ಗಟ್ಟಿಯಾಗುತ್ತ ಬಂದಿತು. ೧೯೬೨ರಲ್ಲಿ ಎರಡೂ ಊರುಗಳಿಗೆ ಒಂದೇ ನಗರಪಾಲಿಕೆಯಾದರೂ ಈ ಭೇದ ಅಳಿಯಲಿಲ್ಲ.

ಗದಗು, ಹಾವೇರಿ, ವಿಜಯಪುರ, ಕಾರವಾರಗಳಿಂದ ಬಂದ ಹುಡುಗ ಎಲ್ಲಿ ಉಣ್ಣಬೇಕು? ಮೂರು ದಾರಿಗಳಿದ್ದವು. ಒಂದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳು ಸೇರಿ ಒಬ್ಬ ಹುಡುಗನನ್ನು ಸಾಕುವ ಪದ್ಧತಿ. ಯಾವ ಮನೆಗೂ ಭಾರವಲ್ಲ. ಆದರೆ ಏಳು ಮನೆಗಳ ಮನೋಧರ್ಮಕ್ಕೆ ಹೊಂದಿಕೊಳ್ಳಬೇಕಾದ ಹುಡುಗನಿಗೆ ಅದು ಹಗುರವಾದುದೇನಲ್ಲ. ಒಂದು ವಾರದ ಮನೆ ತಪ್ಪಿಹೋದರೆ ಆ ದಿನ ಉಪವಾಸ. ನಾವು ಅಷ್ಟಮಿ ಚತುರ್ದಶಿಗಳಲ್ಲಿ ಇಚ್ಛೆಪಟ್ಟು ಮಾಡುವ ಉಪವಾಸಕ್ಕೂ ಮಂಗಳವಾರದ ಮನೆ ಸಿಗಲಿಲ್ಲವೆಂದು ಮಾಡುವ ಉಪವಾಸಕ್ಕೂ ಇರುವ ಅಂತರವನ್ನು ವಾಚಕರು ಊಹಿಸಿಕೊಳ್ಳಬಹುದು.

ಎರಡನೆಯದು ಪ್ರಸಾದ ನಿಲಯ. ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದ ನಿಲಯವು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಎಷ್ಟೋ ತಲೆಮಾರುಗಳ ಹೊಟ್ಟೆ ತುಂಬಿಸಿದೆ. ಮುಂದೆ ನ್ಯಾಯಾಧೀಶರು, ಮಂತ್ರಿಗಳು, ಪ್ರಾಧ್ಯಾಪಕರು ಆದ ಅನೇಕರು ಆ ಪಂಕ್ತಿಯಲ್ಲಿ ಕುಳಿತವರು. ಹಳ್ಳಿಯ ರೈತನು ಸುಗ್ಗಿಯಲ್ಲಿ ಮಠಕ್ಕೆ ಕೊಟ್ಟ ಜೋಳ ಧಾರವಾಡದಲ್ಲಿ ಪದವಿಯಾಗಿ ಮಾರ್ಪಟ್ಟಿತು. ಅರ್ಥಶಾಸ್ತ್ರಜ್ಞರು ಬಂಡವಾಳ ಹೂಡಿಕೆಯೆಂದು ಇದನ್ನು ಕರೆಯುವರೋ ಏನೋ. ಜೋಳ ಕೊಟ್ಟವನಿಗೆ ಆ ಶಬ್ದ ತಿಳಿದಿರಲಿಲ್ಲ.

ಮೂರನೆಯದು ಖಾನಾವಳಿ. ಇದು ದಾನವಲ್ಲ, ವ್ಯವಹಾರ. ಆದರೆ ಊರಿನ ಸಂಸ್ಕೃತಿಯನ್ನು ಹೆಚ್ಚು ರೂಪಿಸಿದ್ದು ಬಹುಶಃ ಇದೇ. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳು ಮನೆಯ ಪಡಸಾಲೆಯಲ್ಲಿ ಹತ್ತು ತಾಟು ಹಾಕಿ ಬಾಳು ನಡೆಸಿದರು. ಬೇಂದ್ರೆಯವರನ್ನು ಬೆಳೆಸಿದ್ದೂ ಅವರ ಮನೆಯ ಹೆಂಗಸರು ನಡೆಸಿದ ಖಾನಾವಳಿಯೇ. ವಿದ್ಯಾರ್ಥಿಗೆ ಊಟ ಸಿಕ್ಕಿತು, ವಿಧವೆಗೆ ಮರ್ಯಾದೆಯ ಜೀವನ ಸಿಕ್ಕಿತು, ಆ ಮನೆಯ ಮಗುವಿಗೆ ದಿನವೂ ನಾಲ್ಕು ಊರಿನ ಮಾತು ಕಿವಿಗೆ ಬಿದ್ದಿತು. ತಿಂಗಳ ಹಣ ತಡವಾದರೂ ತಾಟು ತಪ್ಪಿಸದ ತಾಯಂದಿರ ನೆನಪನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಧಾರವಾಡದ ಪೇಡೆಯ ಮೂಲವೂ ಪರಸ್ಥಳದವರೇ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ೧೯ನೆಯ ಶತಮಾನದಲ್ಲಿ ಬಂದು ನೆಲೆಸಿದ ಠಾಕೂರ ಕುಟುಂಬವು ಅದನ್ನು ಆರಂಭಿಸಿತು. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಯ ಚೀಲದಲ್ಲಿ ಪೇಡೆಯ ಪೊಟ್ಟಣ ಇರದಿದ್ದರೆ ಅದರ ಹೆಸರು ಇಷ್ಟು ದೂರ ಹಬ್ಬುತ್ತಿತ್ತೇ ಎಂದು ನನಗೆ ಸಂಶಯ.

ಹೀಗೆ ಊರಿನಲ್ಲಿಯೇ ಉಂಡು, ಊರಿನಲ್ಲಿಯೇ ಮಲಗುವ ಯುವಕರು ಇದ್ದಾಗ ಸಂಜೆಗಳು ತಾವಾಗಿ ತುಂಬುತ್ತವೆ. ಗೆಳೆಯರ ಗುಂಪು ಸಾಧನಕೇರಿಯ ಸುತ್ತ ಬೆಳೆದದ್ದು, ಆಲೂರ ವೆಂಕಟರಾಯರ ಜಯಕರ್ನಾಟಕಕ್ಕೆ ಬರೆಯುವವರೂ ಓದುವವರೂ ಸಿಕ್ಕಿದ್ದು, ೧೯೩೩ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಹುಟ್ಟಿ ಚಂದಾದಾರರ ಬಲದಿಂದ ನಿಂತದ್ದು, ಇವೆಲ್ಲವೂ ಸಂಜೆಯ ಬಸ್ಸು ಹಿಡಿದು ಓಡುವವರ ಊರಿನಲ್ಲಿ ಆಗುವ ಕೆಲಸಗಳಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರುಗಳಂಥ ಗಾಯಕರು ಅಲ್ಲಿಯೇ ಮನೆ ಮಾಡಿಕೊಂಡು ಹಾಡಿದ್ದಕ್ಕೂ ಕೇಳುವ ಕಿವಿಗಳು ಊರಿನಲ್ಲಿ ಉಳಿಯುತ್ತಿದ್ದುದೇ ಒಂದು ಕಾರಣವಿರಬೇಕು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿ ಆರಂಭವಾಗಿ ೧೯೫೦ರಲ್ಲಿ ಧಾರವಾಡಕ್ಕೆ ಬಂದಾಗ ಊರು ಅದಕ್ಕೆ ಮೊದಲೇ ಸಿದ್ಧವಾಗಿತ್ತು. ೧೯೫೪ರಿಂದ ೧೯೬೭ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಗುಡ್ಡದ ಮೇಲೆ ಅದನ್ನು ಬೆಳೆಸಿದರು. ಅನಂತರದ ಕಾಲದಲ್ಲಿ ಜನತಾ ಶಿಕ್ಷಣ ಸಮಿತಿಯ ಹೊಣೆಯನ್ನು ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ವಹಿಸಿಕೊಂಡದ್ದು ನಮ್ಮ ವಾಚಕರಿಗೆ ತಿಳಿದೇ ಇದೆ.

ಇಷ್ಟು ಹೊಗಳಿದ ಮೇಲೆ ಕಹಿಯಾದ ಮಾತನ್ನೂ ಆಡಲೇಬೇಕು. ಸಾಲೋಟಗಿಯ ೨೭ ಮನೆಗಳಲ್ಲಿ ಯಾರು ಇದ್ದರು? ವಾರಾನ್ನದ ಮನೆಗಳ ಬಾಗಿಲು ಯಾವ ಹುಡುಗನಿಗೆ ತೆರೆಯಿತು? ಬಹುಪಾಲು ತಮ್ಮವರಿಗೆ. ಬ್ರಾಹ್ಮಣ ಗೃಹಸ್ಥರು ಬ್ರಾಹ್ಮಣ ವಟುಗಳಿಗೆ ಉಣಬಡಿಸಿದರು. ಲಿಂಗಾಯತ ನಿಧಿಗಳು ಮೊದಲಿಗೆ ಲಿಂಗಾಯತರನ್ನು ನೋಡಿದವು. ನಾವೂ ಬೇರೆಯಾಗಿರಲಿಲ್ಲ. ೧೮೯೯ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ನಡೆಸಿದ ಬೋರ್ಡಿಂಗುಗಳು ನಮ್ಮ ಸಮಾಜದ ಒಕ್ಕಲು ಮಕ್ಕಳನ್ನು ಮೇಲೆತ್ತಿದವು. ಅವಿಲ್ಲದೆ ಬೆಳಗಾವಿ ಸೀಮೆಯ ಜೈನ ರೈತನ ಮಗ ವಕೀಲನಾಗುವುದು ಸಾಧ್ಯವಿರಲಿಲ್ಲ. ಆ ಉಪಕಾರವನ್ನು ಮರೆಯಲಾಗದು. ಆದರೆ ಅದೇ ಬೋರ್ಡಿಂಗಿನ ಇತಿಹಾಸದಲ್ಲಿ ಭಾವುರಾವ್ ಪಾಟೀಲರ ಪ್ರಕರಣವೂ ಇದೆ.

ಭಾವುರಾಯರು ೧೮೮೭ರಲ್ಲಿ ಕುಂಭೋಜದಲ್ಲಿ ಜೈನ ಕುಟುಂಬದಲ್ಲಿ ಜನಿಸಿದವರು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ, ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯವೊಂದರ ಸಮಾರಂಭಕ್ಕೆ ಹೋಗಿ ಬಂದು, ಮೈಲಿಗೆಯ ಸ್ನಾನ ಮಾಡಲು ಒಪ್ಪದಿದ್ದುದರಿಂದ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಸ್ನಾನದಿಂದ ಶುದ್ಧಿಯೆಂಬುದನ್ನು ನಮ್ಮ ಆಚಾರ್ಯರೇ ಲೋಕಮೂಢತೆಯೆಂದು ನಿರಾಕರಿಸಿದ್ದಾರೆ. ಆ ಗ್ರಂಥವನ್ನು ಓದಿಸುವ ನಿಲಯದಲ್ಲಿ ಈ ಸ್ನಾನದ ಹಟ! ೧೯೧೯ರಲ್ಲಿ ಭಾವುರಾಯರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ೧೯೨೪ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗನ್ನು ತೆರೆದರು. ಹುಡುಗರು ದುಡಿದು ಓದಬೇಕು; ದವಸವನ್ನು ಹಳ್ಳಿಗಳಿಂದ ತರಬೇಕು. ದವಸ ಮುಗಿದ ದಿನಗಳಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಉಣಿಸಿದರೆಂಬುದು ಪ್ರಸಿದ್ಧ. ೧೯೨೭ರಲ್ಲಿ ಗಾಂಧೀಜಿಯವರು ಆ ಬೋರ್ಡಿಂಗಿಗೆ ಛತ್ರಪತಿ ಶಾಹು ಮಹಾರಾಜರ ಹೆಸರನ್ನಿಟ್ಟರು. ನಮ್ಮ ಬೋರ್ಡಿಂಗಿಗೆ ಬೇಡವಾದ ಹುಡುಗನು ಕಟ್ಟಿದ ಸಂಸ್ಥೆಯು ನಮ್ಮೆಲ್ಲ ಬೋರ್ಡಿಂಗುಗಳನ್ನು ಕೂಡಿಸಿದರೂ ಸಮವಾಗದಷ್ಟು ಮಕ್ಕಳಿಗೆ ಅನ್ನ ಅಕ್ಷರಗಳನ್ನು ಕೊಟ್ಟಿತು.

ಮತ್ತೆ ನಂದಿಯ ಸೀಮೆಗೆ ಬರೋಣ. ಇಲ್ಲಿ ಮಠದ ಜೋಳವೂ ಖಾನಾವಳಿಯ ಸಾಲುಗಳೂ ಏಕೆ ಬೆಳೆಯಲಿಲ್ಲ? ಬೆಂಗಳೂರು ಹತ್ತಿರವಿದೆ, ಅಷ್ಟೆ. ಚಿಕ್ಕಬಳ್ಳಾಪುರಕ್ಕೆ ಸುಮಾರು ೫೫ ಕಿಲೋಮೀಟರು. ದೂರದ ಪುಣೆ ಧಾರವಾಡಕ್ಕೆ ಉಪಕಾರ ಮಾಡಿತು. ಹತ್ತಿರದ ಬೆಂಗಳೂರು ಈ ಸೀಮೆಗೆ ಅಪಕಾರ ಮಾಡಿತು. ಓದುವವನು ಅಲ್ಲಿಗೆ ಹೋದನು. ಅವನಿಗೆ ಊಟವಿಕ್ಕುವ ನಿಲಯಗಳನ್ನು ಅವರವರ ಸಂಘಗಳು ಅಲ್ಲಿಯೇ ಕಟ್ಟಿದವು. ಗೌರಿಬಿದನೂರಿನ ಸ್ಥಿತಿ ಇನ್ನೂ ವಿಚಿತ್ರ. ೧೯೬೫ರಿಂದ ಅಲ್ಲಿ ಭೂಕಂಪ ಮಾಪ್ಪಿನ ಜಾಲವಿದೆ. ೧೯೭೬ರಲ್ಲಿ ರೇಡಿಯೋ ದೂರದರ್ಶಕ ಬಂದಿತು. ಜಗತ್ತಿನ ಎಲ್ಲೋ ನಡೆದ ಅಣುಸ್ಫೋಟದ ಕಂಪನವೂ ಸೂರ್ಯನ ರೇಡಿಯೋ ಸದ್ದೂ ಈ ತಾಲೂಕಿನಲ್ಲಿ ದಾಖಲಾಗುತ್ತವೆ. ಖಗೋಳ ವಿಜ್ಞಾನಿಗಳ ಪ್ರಬಂಧಗಳಲ್ಲಿ ಗೌರಿಬಿದನೂರಿನ ಹೆಸರು ದೂರ ದೂರದ ದೇಶಗಳಲ್ಲಿ ಓದಲ್ಪಡುತ್ತದೆ. ಆದರೆ ಊರಿನ ಪೇಟೆಗೆ ಅದರಿಂದ ಒಂದು ಪುಸ್ತಕದ ಅಂಗಡಿಯೂ ಹುಟ್ಟಲಿಲ್ಲ.

ಇಂಥಲ್ಲಿ ನರಸಿಂಹಯ್ಯನವರು ಮಾಡಿದ ಕೆಲಸದ ಬೆಲೆ ತಿಳಿಯುತ್ತದೆ. ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು ಪ್ರಾಂಶುಪಾಲರಾಗಿ, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಬಳಿಕವೂ ಅವರು ವಾಸವಾಗಿದ್ದುದು ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ. ತಾವು ನಡೆದು ಬಂದ ದಾರಿಯಲ್ಲಿ ಇನ್ನೊಬ್ಬ ಹುಡುಗ ನಡೆಯಬಾರದೆಂದು ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮೂಲಕ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ತೆರೆದರು. ಬಾಗೇಪಲ್ಲಿಯಂಥ ಬರದ ತಾಲೂಕಿನಲ್ಲಿ ಕಾಲೇಜು ನಡೆಸುವುದು ಲಾಭದ ಲೆಕ್ಕಕ್ಕೆ ಸಿಗುವ ಮಾತಲ್ಲ. ಅವರು ವಿಚಾರವಾದಿಗಳು, ಪವಾಡಗಳನ್ನು ಪ್ರಶ್ನಿಸಿ ೧೯೭೬ರಲ್ಲಿ ಸಮಿತಿಯನ್ನೇ ರಚಿಸಿದವರು; ಯಾವ ಮತಾಚಾರಕ್ಕೂ ಒಲಿದವರಲ್ಲ. ಆದರೂ ಅಪರಿಗ್ರಹಕ್ಕೆ ಇತ್ತೀಚಿನ ನಿದರ್ಶನ ಬೇಕೆಂದು ಯಾರಾದರೂ ಕೇಳಿದರೆ ನಾನು ಈ ಖಾದಿ ಟೋಪಿಯ ಬ್ರಹ್ಮಚಾರಿಯನ್ನು ತೋರಿಸುತ್ತೇನೆ. ೨೦೦೫ರ ಜನವರಿ ೩೧ರಂದು ಅವರು ತೀರಿಕೊಂಡರು.

ಇದೇ ಸೀಮೆಯಲ್ಲಿ ದುಡ್ಡಿಲ್ಲವೆಂದಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ೧೯೯೫ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಚಿಂತಾಮಣಿಯಲ್ಲಿ ರೇಷ್ಮೆಕೃಷಿಯ ಕಾಲೇಜನ್ನು ಆರಂಭಿಸಿತು. ಊರಿನ ಕಸುಬಿಗೂ ಊರಿನ ಕಾಲೇಜಿಗೂ ಇಷ್ಟು ನೇರ ಸಂಬಂಧವಿರುವುದು ಅಪರೂಪ. ನಮ್ಮ ವಾಚಕರಿಗೆ ಇಲ್ಲಿ ಕಸಿವಿಸಿಯಾಗುವುದನ್ನು ಬಲ್ಲೆ. ಕುದಿಯುವ ನೀರಿನಲ್ಲಿ ಗೂಡಿನೊಳಗಿನ ಜೀವ ಸಾಯುತ್ತದೆ. ಒಂದು ಸೀರೆಗೆ ಸಾವಿರಾರು ಗೂಡುಗಳು. ನಮ್ಮಲ್ಲಿ ರೇಷ್ಮೆಯನ್ನು ತ್ಯಜಿಸಿದವರಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಆ ಕುದಿಯುವ ನೀರಿನ ಬಳಿ ಇನ್ನೊಂದು ಹಿಂಸೆಯೂ ಇತ್ತು. ನೂಲು ಬಿಚ್ಚಾಣಿಕೆಯಲ್ಲಿ ಮಕ್ಕಳ ದುಡಿಮೆ ರೂಢಿಯಲ್ಲಿತ್ತೆಂಬುದು ೧೯೯೦ರ ದಶಕದಲ್ಲಿ ಬಹಿರಂಗವಾಗಿ ಚರ್ಚೆಯಾದ ಸಂಗತಿ. ಶಾಲೆಯಲ್ಲಿರಬೇಕಾದ ಕೈಗಳು ಬಿಸಿನೀರಿನಲ್ಲಿದ್ದವು. ಹುಳುವಿಗಾಗಿ ಮರುಗಿ ಮಗುವನ್ನು ಮರೆತರೆ ಅಹಿಂಸೆಯ ಲೆಕ್ಕ ಸರಿಹೋಗದು.

ಈಗಿನ ದಿನಗಳಲ್ಲಿ ವಿದ್ಯಾರ್ಥಿಯ ಊಟದ ಹೊಣೆಯನ್ನು ಬಹುಮಟ್ಟಿಗೆ ಸರ್ಕಾರ ಹೊತ್ತಿದೆ. ಹಿಂದುಳಿದ ವರ್ಗಗಳ, ಪರಿಶಿಷ್ಟರ ವಿದ್ಯಾರ್ಥಿನಿಲಯಗಳು ತಾಲೂಕು ತಾಲೂಕಿಗೂ ಇವೆ. ನಿಲಯದಲ್ಲಿ ಜಾಗ ಸಿಗದವರಿಗೆಂದು ೨೦೧೩–೧೪ರಲ್ಲಿ ವಿದ್ಯಾಸಿರಿ ಯೋಜನೆ ಜಾರಿಗೆ ಬಂದಾಗ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳು ಊಟ ವಸತಿಗೆ ಕೊಡುವ ಏರ್ಪಾಡಾಯಿತು. ದಿನಕ್ಕೆ ೫೦ ರೂಪಾಯಿ. ಅದರಲ್ಲಿ ಎರಡು ಹೊತ್ತಿನ ಊಟವೂ ಆಗಬೇಕು, ತಲೆಯ ಮೇಲೆ ಸೂರೂ ಬೇಕು. ೨೦೨೩ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಬಾಗೇಪಲ್ಲಿ, ಗುಡಿಬಂಡೆಗಳ ಹುಡುಗಿಯರು ದಿನವೂ ಓದಲು ಬಂದು ಹೋಗುವಂತಾದದ್ದು ಸಣ್ಣ ಲಾಭವಲ್ಲ. ಆದರೆ ಬಂದು ಹೋಗುವವರಿಂದ ಊರಿನ ಸಂಜೆ ತುಂಬುವುದಿಲ್ಲವೆಂಬ ಮಾತು ಮತ್ತೆ ಎದುರಾಗುತ್ತದೆ. ಮುದ್ದೇನಹಳ್ಳಿಯ ಸತ್ಯಸಾಯಿ ಸಂಸ್ಥೆಗಳಲ್ಲಿ ವಿದ್ಯೆಯೂ ಊಟ ವಸತಿಗಳೂ ಉಚಿತ, ಅದು ಶ್ಲಾಘ್ಯ. ಆದರೆ ಆವರಣದೊಳಗೇ ಎಲ್ಲವೂ ಮುಗಿಯುವಲ್ಲಿ ಪೇಟೆಗೂ ವಿದ್ಯಾರ್ಥಿಗೂ ಪರಿಚಯವಾಗುವ ಅವಕಾಶ ಕಡಿಮೆ. ಧಾರವಾಡವೂ ಬದಲಾಗಿದೆ. ೨೦೧೬ರಲ್ಲಿ ಐಐಟಿ ಬಂದಿತು. ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣರು ತುಂಬಿದ್ದಾರೆ. ಖಾನಾವಳಿಯ ತಾಯಿಯ ಜಾಗದಲ್ಲಿ ಪೇಯಿಂಗ್ ಗೆಸ್ಟ್ ಮಾಲೀಕರಿದ್ದಾರೆ. ತಿಂಗಳ ಹಣ ತಡವಾದರೆ ಕೋಣೆಗೆ ಬೀಗ.

ಚಿಕ್ಕಬಳ್ಳಾಪುರದಲ್ಲಿ ಕೋಣೆ ಹುಡುಕುವ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ, ಮನೆಯವರು ಕೇಳುವ ಮೊದಲ ಪ್ರಶ್ನೆ ಬಾಡಿಗೆಯದಲ್ಲವೆಂದು ಹೇಳುತ್ತಾರೆ. ನೀವು ಯಾವ ಜನ ಎಂಬುದು ಮೊದಲ ಪ್ರಶ್ನೆ. ನಮ್ಮವರ ಮನೆಗಳಲ್ಲಿ ಅದು ಇನ್ನೂ ನಯವಾದ ರೂಪ ತಾಳುತ್ತದೆ: ನೀವು ಏನು ಉಣ್ಣುತ್ತೀರಿ? ನಮ್ಮ ಅಡುಗೆಮನೆಯಲ್ಲಿ ಏನು ಬೇಯಬೇಕೆಂದು ನಿರ್ಧರಿಸುವ ಹಕ್ಕು ನಮ್ಮದು. ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹುಡುಗನು ಕೇಳಿದ್ದು ಆವಾಸ, ನಾವು ವಿಚಾರಿಸಿದ್ದು ಆಹಾರ. ಸಮಂತಭದ್ರರು ಎರಡನ್ನೂ ಬೇರೆ ಬೇರೆ ದಾನಗಳಾಗಿ ಎಣಿಸಿದ್ದಾರೆ. ಒಂದನ್ನು ಕಾರಣವಾಗಿಟ್ಟುಕೊಂಡು ಇನ್ನೊಂದನ್ನು ನಿರಾಕರಿಸಬಹುದೆಂದು ಎಲ್ಲಿಯೂ ಹೇಳಿದಂತೆ ನನಗೆ ಕಾಣದು. ನಮ್ಮ ಸಸ್ಯಾಹಾರದ ಒಲೆಯನ್ನೇ ಉರಿಸಿ, ಯಾವ ಜಾತಿಯ ವಿದ್ಯಾರ್ಥಿಗೂ ತಾಟು ಹಾಕುವ ನಿಲಯವೊಂದನ್ನು ನಂದಿಯ ಬುಡದಲ್ಲಿ ನಡೆಸಲು ಅಡ್ಡಿಯೇನು? ಬೆಂಗಳೂರಿನ ನಮ್ಮ ಮದುವೆಗಳಲ್ಲಿ ಒಂದು ಹೊತ್ತಿನ ಊಟಕ್ಕೆ ಆಗುವ ವೆಚ್ಚವನ್ನು ಬಲ್ಲವರು ಅದನ್ನು ೫೦ ರೂಪಾಯಿಯಿಂದ ಭಾಗಿಸಿ ನೋಡಲಿ. ವಿದ್ಯಾನಿಧಿಗಳನ್ನು ನಡೆಸುತ್ತಿರುವ ನಮ್ಮ ಸಂಘಗಳ ನಿಯಮಾವಳಿಗಳಲ್ಲಿ ಅರ್ಜಿದಾರನು ಜೈನನಾಗಿರತಕ್ಕದ್ದೆಂಬ ಕಲಮು ಸಾಮಾನ್ಯವಾಗಿ ಮೊದಲನೆಯ ಪುಟದಲ್ಲಿಯೇ ಇರುತ್ತದೆ. ಅದನ್ನು ತಿದ್ದಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು. ಸಭೆಯು ವರ್ಷಕ್ಕೊಮ್ಮೆ ಸೇರುತ್ತದೆ.